ಅಂಗಳದಾಗ ನೆಲದೊಳಗಿನ ನೀರಿನ ಪೈಪು ಸೋರ್ತಾ ಐತಿ – ಪೂರ್ತಿ ಅಗೀದಂಗ ಜಾಗ ಹಿಡಿಯೋದು ಹೆಂಗ? (ಬಳ್ಳಾರಿ, ಎರೆ ನೆಲ)

ಎರೆನೆಲ
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎರೆ (ಕಪ್ಪು) ಮಣ್ಣಿನ ಮೇಲೆ ಕಟ್ಟಿದ ಮನೆ. ಮೀಟರಿನಿಂದ ಸಂಪಿಗೆ ಮುಕ್ಕಾಲಿಂಚಿನ ಪೈಪು, ಸಂಪಿನಿಂದ ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಒಂದಿಂಚಿನದು. ಟ್ಯಾಂಕಿನಿಂದ ಇಳಿದ ಲೈನು ಕೆಳಗೆ ಎರಡು ಕವಲಾಗುತ್ತದೆ. ಒಂದು ಮನೆಯೊಳಗೆ ಹೋಗುತ್ತದೆ. ಇನ್ನೊಂದು ನೆಲದೊಳಗೆ ಹಾದು ಹಿತ್ತಲ ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವ ಕಲ್ಲಿನ ತನಕ, ಸುಮಾರು 40 ಅಡಿ. ಎಲ್ಲವೂ ಪಿವಿಸಿ, ಹತ್ತು ಹನ್ನೆರಡು ವರ್ಷ ಹಳೆಯದು. ಪೈಪಿನ ನಕ್ಷೆ ಇಲ್ಲ.

ಒಂದು ತಿಂಗಳಿಂದ ಗೇಟಿನ ಪಕ್ಕ ಕಾಂಪೌಂಡ್ ಗೋಡೆಯ ಬುಡ ಒದ್ದೆ. ಅಲ್ಲೇ ಎರಡು ಶಹಾಬಾದ್ ಕಲ್ಲು ಕುಸಿದಿವೆ. ದಿನಕ್ಕೊಮ್ಮೆ ಮೋಟರ್ ಹಾಕಿದರೆ ಸಾಕಾಗುತ್ತಿತ್ತು, ಈಗ ಎರಡು ಸಲ ಬೇಕು. ನಳಕ್ಕೆ ನೀರು ಬಿಡುವುದು ಕೆಲವು ದಿನಕ್ಕೊಮ್ಮೆ, ಎರಡು ತಾಸು. ನೋಡಿದ ಪ್ಲಂಬರ್ ಗೇಟಿನಿಂದ ಸಂಪಿನ ತನಕ ಪೂರ್ತಿ ಅಗೆಯಬೇಕು ಅನ್ನುತ್ತಾರೆ. ಅಗೆಯುವ ಮುಂಚೆ ಜಾಗ ಗೊತ್ತು ಮಾಡಿಕೊಳ್ಳಲು ದಾರಿ ಇದೆಯೇ?

ಹಾರಿ_ಸಲಿಕೆ
ಮೊದಲು ಹಾರಿ ಕೆಳಗಿಡ್ರಿ. ಒದ್ದೆ ಆದ ಜಾಗದಾಗ ಪೈಪು ಒಡದಿರ್ತದ ಅನ್ನೋದು ಎರೆ ನೆಲದಾಗ ಬಹಳ ಸಲ ಸುಳ್ಳು. ಪೈಪು ಹಾಕುವಾಗ ತೋಡಿದ ಕಾಲುವಿ ಒಳಗ ಮಣ್ಣು ಸಡ್ಲ ಇರ್ತದ, ಸುತ್ತಲಿನ ಎರೆ ಗಟ್ಟಿ ಇರ್ತದ. ಸೋರಿದ ನೀರು ಆ ಸಡ್ಲ ಮಣ್ಣು ಹಿಡ್ಕೊಂಡು ಪೈಪಿನ ಗುಂಟನ ಹರೀತದ. ಎಲ್ಲಿ ಇಳಿಜಾರು ಮುಗೀತದೋ, ಎಲ್ಲಿ ಗೋಡಿ ಪಾಯ ಅಡ್ಡ ಬರ್ತದೋ ಅಲ್ಲಿ ಮ್ಯಾಲೆ ಬರ್ತದ. ನಿಮ್ಮ ಗೇಟಿನ ಕಡಿ ತಗ್ಗು ಐತೇನು?

ಎರೆನೆಲ
ಹೌದು, ಹಿತ್ತಲಿಗಿಂತ ಗೇಟಿನ ಕಡೆ ಒಂದು ಅಡಿ ತಗ್ಗು.

ಹಾರಿ_ಸಲಿಕೆ
ಹಂಗಾದ್ರ ಗೇಟಿನ ಹತ್ರ ಅಗೀಬ್ಯಾಡ್ರಿ. ಮೊದಲು ಯಾವ ಲೈನು ಅಂತ ಗೊತ್ತಾಗಲಿ.

ಲೆಕ್ಕದ ಮನುಷ್ಯ
ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಮೋಟರ್ ಎರಡು ಸಲ ಹಾಕಬೇಕಾಗಿದೆ ಎಂದರೆ ನೀರು ಹೋಗುತ್ತಿರುವುದು ಟ್ಯಾಂಕಿನಿಂದ ಆಚೆಗೆ, ಅಥವಾ ಟ್ಯಾಂಕಿಗೆ ಏರುವ ಲೈನಿನಲ್ಲಿ. ಮೀಟರಿನಿಂದ ಸಂಪಿಗೆ ಬರುವ ಲೈನಿನಲ್ಲಿ ನೀರಿನ ಒತ್ತಡ ಇರುವುದೇ ವಾರದಲ್ಲಿ ನಾಲ್ಕೈದು ತಾಸು. ಅದು ಒಡೆದರೆ ಸಂಪು ತುಂಬುವುದು ತಡವಾಗುತ್ತದೆ, ಮೋಟರಿನ ಕೆಲಸ ಹೆಚ್ಚಾಗುವುದಿಲ್ಲ. ಟ್ಯಾಂಕಿನಿಂದ ಇಳಿದ ಲೈನಿನಲ್ಲಾದರೆ ಹಗಲು ರಾತ್ರಿ ಒತ್ತಡ ಇದ್ದೇ ಇರುತ್ತದೆ. ಟ್ಯಾಂಕಿನ ನೀರಿನ ಮಟ್ಟ ಪೈಪಿಗಿಂತ 6 ಮೀಟರ್ ಮೇಲಿದ್ದರೆ 1 ಮಿ.ಮೀ. ತೂತಿನಿಂದ ತಾಸಿಗೆ ಸುಮಾರು 18 ಲೀಟರ್, ದಿನಕ್ಕೆ 400 ಲೀಟರಿಗೂ ಹೆಚ್ಚು. 2 ಮಿ.ಮೀ. ಆದರೆ ಅದರ ನಾಲ್ಕು ಪಟ್ಟು.

ರಾತ್ರಿ ಮಾಡಬೇಕಾದದ್ದು ಇಷ್ಟು. ಸಂಪಿನ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ, ಮೋಟರ್ ಬಂದ್. ಟ್ಯಾಂಕಿನೊಳಗೆ ಒಂದು ಕೋಲು ಇಳಿಬಿಟ್ಟು ಮಟ್ಟದ ಗುರುತು. ಒಂದು ರಾತ್ರಿ ಟ್ಯಾಂಕಿನ ಕೆಳಗಿನ ವಾಲು ಮುಚ್ಚಿ ಅಳೆಯಿರಿ, ಇನ್ನೊಂದು ರಾತ್ರಿ ವಾಲು ತೆರೆದು ಮನೆಯ ಎಲ್ಲ ನಳ ಮುಚ್ಚಿ ಅಳೆಯಿರಿ. ಸಂಪು 6 ಅಡಿಗೆ 6 ಅಡಿ ಇದ್ದರೆ ಒಂದಿಂಚು ಇಳಿತ ಎಂದರೆ 85 ಲೀಟರ್. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 9 ಲೀಟರ್.

ಪೈಪ್_ರಾಯಚೂರು
ಇದಕ್ಕೂ ಮೊದಲು ಫ್ಲಶ್ ಟ್ಯಾಂಕು ನೋಡಿ. ಅದರ ಒಳಗಿನ ರಬ್ಬರ್ ಸವೆದಿದ್ದರೆ ರಾತ್ರಿಯಿಡೀ ಸದ್ದಿಲ್ಲದೆ ನೀರು ಕಮೋಡಿಗೆ ಇಳಿಯುತ್ತದೆ, ನೆಲದ ಪೈಪಿನ ಮೇಲೆ ಅಪವಾದ ಬರುತ್ತದೆ. ಬಟ್ಟೆಗೆ ಹಾಕುವ ಉಜಾಲಾ ನೀಲಿ ಐದಾರು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ತಾಸು ಯಾರೂ ಮುಟ್ಟಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ಅಲ್ಲೇ ಸೋರಿಕೆ. ಅಳತೆ ಮಾಡುವ ರಾತ್ರಿ ಅದರ ಆ್ಯಂಗಲ್ ಕಾಕ್ ಮುಚ್ಚಿಬಿಡುವುದೇ ಒಳ್ಳೆಯದು. ಸೋಲಾರ್ ಇದ್ದರೆ ಅದರ ತಣ್ಣೀರಿನ ವಾಲೂ ಮುಚ್ಚಿ.

ಗಂಗಾವತಿ ಅಕ್ಕ
ಮೀಟರ್ ನೋಡಿದ್ರೆ ಆಗಲ್ವಾ? ಎಲ್ಲಾ ನಳ ಮುಚ್ಚಿ, ಮೀಟರಿನೊಳಗಿನ ಸಣ್ಣ ಚಕ್ರ ತಿರುಗಿದ್ರೆ ಸೋರಿಕೆ ಅಂತ ಎಲ್ಲಾ ಕಡೆ ಹೇಳ್ತಾರೆ.

ಪೈಪ್_ರಾಯಚೂರು
ಅಕ್ಕಾ, ಇಪ್ಪತ್ತನಾಲ್ಕು ತಾಸು ನೀರು ಬರುವ ಕಡೆ ಅದು ಸರಿ. ನಮ್ಮ ಕಡೆ ಸಂಪು ನಡುವೆ ಇರುವುದರಿಂದ ಮೀಟರಿಗೆ ಗೊತ್ತಾಗುವುದು ಮೀಟರಿನಿಂದ ಸಂಪಿನ ತನಕದ ಪೈಪು ಮಾತ್ರ. ಅದನ್ನೂ ನೀರು ಬಿಟ್ಟ ದಿನವೇ ನೋಡಬೇಕು. ಸಂಪಿನ ಬಾಯಲ್ಲಿರುವ ವಾಲು ಬಿಗಿಯಾಗಿ ಮುಚ್ಚಿ ಚಕ್ರ ನೋಡಿ. ಇನ್ನೊಂದು ಎಚ್ಚರ: ಖಾಲಿ ಲೈನಿಗೆ ನೀರು ಬಿಟ್ಟಾಗ ಮೊದಲು ಬರುವುದು ಗಾಳಿ, ಗಾಳಿಗೂ ಮೀಟರ್ ಜೋರಾಗಿ ತಿರುಗುತ್ತದೆ. ಹದಿನೈದು ನಿಮಿಷ ನೀರು ಸಂಪಿಗೆ ಹರಿಯಲು ಬಿಟ್ಟು, ಬುಸ್ ಬುಸ್ ಸದ್ದು ನಿಂತು ಧಾರೆ ಒಂದೇ ಸಮ ಆದ ಮೇಲೆ ವಾಲು ಮುಚ್ಚಿ.

ಮಸಾರಿ
ಒದ್ದೆ ಜಾಗದ ನೀರು ಯಾವುದು ಅಂತ ತಿಳಿಯಲು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಹಾಕಿ. ತುಂಗಭದ್ರೆ ನೀರಾದರೆ ಕಡಿಮೆ ತೋರಿಸುತ್ತದೆ, ಬೋರಿನ ನೀರು ಅಥವಾ ಚರಂಡಿ ನೀರಾದರೆ ಜಾಸ್ತಿ. ಎರಡು ನಿಮಿಷದ ಕೆಲಸ.

ಗರಸು
ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ನಡೆಯಬಹುದು, ಎರೆಯಲ್ಲಿ ನಂಬಬೇಡಿ. ಎರೆ ಮಣ್ಣಿನಲ್ಲೇ ಉಪ್ಪಿನಂಶ ಇದೆ. ಹತ್ತಡಿ ಮಣ್ಣಿನೊಳಗೆ ಹರಿದು ಬಂದ ಹೊಳೆ ನೀರೂ ಜಾಸ್ತಿ ತೋರಿಸುತ್ತದೆ. ಕ್ಲೋರಿನ್ ಪರೀಕ್ಷೆಯ ದ್ರಾವಣ (ಓಟಿ ಅನ್ನುತ್ತಾರೆ) ಇದ್ದರೆ ಅದನ್ನು ಹಾಕಿ. ಹಳದಿ ಬಣ್ಣ ಬಂದರೆ ನಳದ ನೀರು ಎಂದು ಒಪ್ಪಿಕೊಳ್ಳಬಹುದು. ಬಾರದಿದ್ದರೆ ನಳದ ನೀರಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ, ಕ್ಲೋರಿನ್ ಅನ್ನು ಕೆಸರು ನುಂಗಿಬಿಡುತ್ತದೆ. ಟ್ಯಾಂಕಿನಲ್ಲಿ ಎರಡು ದಿನ ನಿಂತ ನೀರಿನಲ್ಲೂ ಅದು ಉಳಿದಿರುವುದಿಲ್ಲ.

ಸಿಂಧನೂರು ನಾಲೆ
ನೀರು ನೋಡೋರನ್ನ ಕರೀರಿ, ತೆಂಗಿನಕಾಯಿ ಹಿಡ್ಕೊಂಡು ನಡೆದ್ರೆ ಗೊತ್ತಾಗ್ತದೆ.

ಗರಸು
ಬೇಡ. ಅಂಗಳದಲ್ಲಿ ಮೂರು ಲೈನು ಹಾದು ಹೋಗಿವೆ, ಯಾವುದರಲ್ಲಿ ಸೋರಿಕೆ ಎಂದು ಕಾಯಿ ಹೇಳುವುದಿಲ್ಲ. ವಾಲು ಮುಚ್ಚಿದರೆ ಖರ್ಚಿಲ್ಲದೆ ಗೊತ್ತಾಗುತ್ತದೆ.

ಎರೆನೆಲ
ಎರಡು ರಾತ್ರಿ ಅಳೆದೆ. ಫ್ಲಶ್ ಟ್ಯಾಂಕಿಗೆ ನೀಲಿ ಹಾಕಿದೆ, ಕಮೋಡಿಗೆ ಬರಲಿಲ್ಲ. ಸಂಪು ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಟ್ಯಾಂಕಿನ ವಾಲು ಮುಚ್ಚಿದಾಗ ಮಟ್ಟ ಹಾಗೇ ಇತ್ತು. ತೆರೆದಿಟ್ಟ ರಾತ್ರಿ 8 ತಾಸಿನಲ್ಲಿ 16 ಸೆಂ.ಮೀ. ಇಳಿದಿದೆ.

ಲೆಕ್ಕದ ಮನುಷ್ಯ
ಅಂದರೆ 140 ಲೀಟರಿಗೂ ಸ್ವಲ್ಪ ಹೆಚ್ಚು, ತಾಸಿಗೆ 18. ಸಂಪು ನಿರಪರಾಧಿ, ಟ್ಯಾಂಕೂ ನಿರಪರಾಧಿ. ಪ್ಲಂಬರ್ ಅಗೆಯಬೇಕೆಂದ ಗೇಟಿನ ಲೈನು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಈಗ ಮನೆಯೊಳಗಿನ ಕವಲು ಒಂದು, ಹಿತ್ತಲ ಕವಲು ಒಂದು ಎಂದು ಬೇರೆ ಮಾಡಿ.

ಕೊಪ್ಪಳ ಕಡೆಯವ
ಕಂಪ್ರೆಸರ್ ತಂದು ಗಾಳಿ ತುಂಬಿದ್ರೆ ಆಗೋದಿಲ್ಲೇನ್ರಿ? ಪಂಕ್ಚರ್ ಅಂಗಡ್ಯಾಗ ಬಾಡಿಗಿಗೆ ಸಿಗ್ತದ. ಒದ್ದಿ ನೆಲದಾಗ ಗುಳ್ಳಿ ಬಂದಲ್ಲಿ ತೂತು.

ಪೈಪ್_ರಾಯಚೂರು
ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಪಿವಿಸಿ, ಸಿಪಿವಿಸಿ ಪೈಪಿಗೆ ಒತ್ತಡದ ಗಾಳಿ ಹಾಕಬಾರದು. ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಪೈಪು ಸೀಳಿದ ಕ್ಷಣಕ್ಕೆ ಒತ್ತಡ ಇಳಿದುಹೋಗುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ ಕೂತಿರುತ್ತದೆ. ಹಳೆಯ ಪ್ಲಾಸ್ಟಿಕ್ ಒಡೆದರೆ ಚೂರುಗಳು ಸಿಡಿದು ಕಣ್ಣು ಹೋಗುತ್ತದೆ. ಗೋಡೆಯಿಂದ ಹೊರಗಿರುವ ಬೆಂಡು, ನಳದ ಹತ್ತಿರದ ತುಂಡು, ಇವೇ ಮೊದಲು ಸಿಡಿಯುವುದು. ಪರೀಕ್ಷೆಗೆ ನೀರು ಮಾತ್ರ. ದೊಡ್ಡ ಊರುಗಳಲ್ಲಿ 5 ಪಾಲು ಹೈಡ್ರೋಜನ್, 95 ಪಾಲು ನೈಟ್ರೋಜನ್ ಬೆರೆಸಿದ ಗ್ಯಾಸ್ ಬಿಟ್ಟು ನೆಲದ ಮೇಲೆ ಮೂಸುವ ಯಂತ್ರ ಓಡಿಸುವವರಿದ್ದಾರೆ. ಅದು ಕಡಿಮೆ ಒತ್ತಡದಲ್ಲಿ, ತರಬೇತಿ ಪಡೆದವರು ಮಾಡುವ ಕೆಲಸ. ಪಂಕ್ಚರ್ ಅಂಗಡಿ ಕಂಪ್ರೆಸರಿಗೂ ಅದಕ್ಕೂ ಹೋಲಿಕೆ ಬೇಡ.

ಕೊಪ್ಪಳ ಕಡೆಯವ
ಆತ್ರಿ, ಗೊತ್ತಿದ್ದಿಲ್ಲ. ವಾಪಸ್ ತಗೊಂಡೆ.

ಹಾರಿ_ಸಲಿಕೆ
ಗಾಳಿ ಬ್ಯಾಡ, ಮಟ್ಟದ ಕೊಳವಿ ತರ್ರಿ. ಗೌಂಡಿಗಳು ಮಟ್ಟ ನೋಡೋಕೆ ಹಿಡೀತಾರಲ್ಲ, ಆ ಪಾರದರ್ಶಕ ಅರ್ಧ ಇಂಚಿಂದು, ಹನ್ನೆರಡು ಅಡಿ ಸಾಕು. ಹಿತ್ತಲ ಲೈನು ಕವಲಾಗೋ ಕಡೆ ಯೂನಿಯನ್ (ಬಿಚ್ಚಿ ಜೋಡಿಸೋ ಜಾಯಿಂಟು) ಇದ್ರ ಬಿಚ್ರಿ, ಇಲ್ಲಂದ್ರ ನೆಲದ ಮ್ಯಾಲಿನ ತುಂಡಿನಾಗ ಕತ್ತರಿಸಿ ಟ್ಯಾಂಕಿನ ಕಡಿ ಕ್ಯಾಪ್ ಹಾಕ್ರಿ. ಹಿತ್ತಲ ಕಡಿ ತುದಿಗೆ ಒಂದು ನಿಪ್ಪಲ್ (ಜೋಡಿಸೋ ಗಿಡ್ಡ ಪೈಪಿನ ತುಂಡು), ಅದಕ್ಕ ಕೊಳವಿ, ಕ್ಲಿಪ್ ಬಿಗಿ ಮಾಡಿ ಗೋಡಿಗುಂಟ ಹತ್ತಡಿ ಎತ್ತರಕ್ಕ ಕಟ್ರಿ. ಕೊನಿ ನಳ ತೆರೆದು ನೀರು ಹಾಕ್ತಾ ಹೋಗ್ರಿ. ಗಾಳಿ ಪೂರ್ತಿ ಹೊರಗ ಹೋಗಿ ಬರೇ ನೀರು ಬಂದ ಮ್ಯಾಲೆ ನಳ ಬಂದ್ ಮಾಡಿ, ಕೊಳವಿ ತುಂಬಿಸಿ ಗುರುತು ಹಾಕ್ರಿ. ಗಾಳಿ ಒಳಗ ಉಳಿದ್ರ ಮಟ್ಟ ಸುಮ್ಮನ ಕುಣೀತದ, ನಂಬಕ್ಕಾಗಲ್ಲ.

ಹಗಲಿನಾಗ ಮಾಡಬ್ಯಾಡ್ರಿ. ಬಳ್ಳಾರಿ ಬಿಸಿಲಿಗೆ ಹೊರಗಿನ ಪೈಪು ಕಾದು ನೀರು ಹಿಗ್ಗಿ ಮಟ್ಟ ಏರ್ತದ, ಸಣ್ಣ ಸೋರಿಕೆ ಮುಚ್ಚಿ ಹೋಗ್ತದ. ಹೊತ್ತು ಮುಳುಗಿದ ಮ್ಯಾಲೆ ಮಾಡ್ರಿ.

ಲೆಕ್ಕದ ಮನುಷ್ಯ
ಈ ಕೊಳವೆ ಎಷ್ಟು ಸೂಕ್ಷ್ಮ ಅಂದರೆ, 12 ಮಿ.ಮೀ. ಒಳಗಾತ್ರದಲ್ಲಿ ಒಂದು ಸೆಂ.ಮೀ. ಇಳಿತಕ್ಕೆ ಒಂದು ಮಿ.ಲೀ. ಚಿಲ್ಲರೆ ನೀರು ಅಷ್ಟೆ. ನಿಮ್ಮ ಸೋರಿಕೆ ಆ ಲೈನಿನಲ್ಲೇ ಇದ್ದರೆ ಹತ್ತಡಿ ಕೊಳವೆ ಮೂರು ನಿಮಿಷದ ಆಸುಪಾಸಿನಲ್ಲಿ ಖಾಲಿಯಾಗಬೇಕು. ಅರ್ಧ ತಾಸಿಗೆ ಎರಡು ಸೆಂ.ಮೀ. ಇಳಿದರೆ ಅದು ನಳದ ವಾಷರ್ ಇರಬಹುದು, ನೆಲ ಅಗೆಯುವ ವಿಷಯ ಅಲ್ಲ.

ತುಂಗಾತೀರ
ಕಿವಿಗೊಟ್ಟು ಕೇಳಿದರೆ ಇಷ್ಟೆಲ್ಲ ಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಊರು ಮಲಗಿದಾಗ ಕಬ್ಬಿಣದ ಸರಳಿನ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿ ಕಿವಿಗೆ ಇಟ್ಟರೆ ಸುಂಯ್ ಅನ್ನುವುದು ಕೇಳುತ್ತದೆ. ದೊಡ್ಡ ಲೈನುಗಳ ಸೋರಿಕೆ ಹುಡುಕುವುದೇ ಹೀಗೆ.

ಪೈಪ್_ರಾಯಚೂರು
ದೊಡ್ಡ ಲೈನು ಕಬ್ಬಿಣದ್ದು, ಒತ್ತಡವೂ ಇರುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸದ್ದನ್ನು ದೂರ ಒಯ್ಯುತ್ತದೆ, ಪಿವಿಸಿ ನಾಲ್ಕೈದು ಅಡಿಯಲ್ಲೇ ನುಂಗಿಬಿಡುತ್ತದೆ. ಒದ್ದೆ ಎರೆಯಂತೂ ಹತ್ತಿಯ ಹಾಸಿಗೆ ಇದ್ದ ಹಾಗೆ. ಟ್ಯಾಂಕಿನ ಒತ್ತಡ ಇಲ್ಲಿ ಚದರ ಸೆಂ.ಮೀ.ಗೆ ಬರೀ 0.6 ಕೆ.ಜಿ. ಅಷ್ಟಕ್ಕೆ ಸದ್ದೇ ಹುಟ್ಟುವುದಿಲ್ಲ.

ನಿಮ್ಮ ಉಪಾಯ ಬಿಡಬೇಕಿಲ್ಲ, ಕ್ರಮ ಬದಲಿಸಬೇಕು. ಕೈಯಿಂದ ಒತ್ತುವ ಟೆಸ್ಟ್ ಪಂಪು ಇರುತ್ತದಲ್ಲ, ತೊಟ್ಟಿ, ಹಿಡಿ, ಗೇಜು ಇರುವಂಥದ್ದು, ಹೊಸ ಮನೆಗೆ ಪೈಪು ಹಾಕುವವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ಹೊಸ ಲೈನಾದರೆ 5-6 ಕೆ.ಜಿ. ಒತ್ತುತ್ತಾರೆ, ಹಳೆಯದಕ್ಕೆ 3 ಸಾಕು. ಜಾಸ್ತಿ ಒತ್ತಿದರೆ ಗಟ್ಟಿ ಇದ್ದ ಜಾಯಿಂಟೂ ಬಿಡುತ್ತದೆ. 3 ಕೆ.ಜಿ.ಯಲ್ಲಿ ಒಬ್ಬರು ಹಿಡಿ ಒತ್ತುತ್ತಿರಲಿ, ಇನ್ನೊಬ್ಬರು ಸರಳು ಹಿಡಿದು ಕೇಳಲಿ. ಸರಳನ್ನು ನೆಲದ ಮೇಲೆ ಇಡಬೇಡಿ, ಒಂದಡಿ ಒಳಗೆ ಇಳಿಸಿ. ಪೈಪಿನ ನೇರಕ್ಕೆ ಚುಚ್ಚಬೇಡಿ, ಅರ್ಧ ಅಡಿ ಪಕ್ಕಕ್ಕೆ ಇರಲಿ. ಗಡಿಬಿಡಿಯಲ್ಲಿ ಸರಳು ಹೋಗಿ ಪೈಪಿಗೇ ತೂತಾದರೆ ಸೋರಿಕೆ ಎರಡಾಗುತ್ತವೆ.

ಹಾರಿ_ಸಲಿಕೆ
ಆ ಸರಳು ಮ್ಯಾಲೆ ಎಳದಾಗ ತುದಿ ನೋಡ್ರಿ. ಒಣ ಎರೆ ಸರಳಿಗೆ ಹತ್ತಂಗಿಲ್ಲ, ಹಸಿ ಎರೆ ಬೆಣ್ಣಿ ಹಂಗ ಹತ್ತಿ ಬರ್ತದ. ಎರಡೆರಡು ಅಡಿಗೆ ಒಂದು ಚುಚ್ಚಿ, ಎಷ್ಟು ಹಸಿ ಐತಿ ಅಂತ ಹೋಲಿಸ್ರಿ. 10 ಮಿ.ಮೀ. ಸರಳಿಗೆ ಮ್ಯಾಲೆ ಅಡ್ಡ ಹಿಡಿ ಬೆಸುಗಿ ಹಾಕಿಸ್ರಿ, ಕೈಗೆ ಹಗುರ ಆಗ್ತದ.

ಗಂಗಾವತಿ ಅಕ್ಕ
ಥರ್ಮಲ್ ಕ್ಯಾಮೆರಾ?

ಪೈಪ್_ರಾಯಚೂರು
ಗೋಡೆಯೊಳಗಿನ ಬಿಸಿನೀರಿನ ಲೈನಿಗೆ ಒಳ್ಳೆಯದು. ಒಂದೂವರೆ ಎರಡು ಅಡಿ ಆಳದ ತಣ್ಣೀರಿನ ಲೈನಿಗೆ, ಮೇಲೆ ಕಲ್ಲು ಹಾಸಿರುವಾಗ, ಏನೂ ಕಾಣಿಸುವುದಿಲ್ಲ.

ಸಿಂಧನೂರು ನಾಲೆ
ವಿಷಯ ಸ್ವಲ್ಪ ಆಚೆ ಹೋಗ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದು ಕೊಚ್ಚಿ ಹೋದಾಗ ನಮ್ಮ ಕಡೆ ಎಲ್ಲರ ಎದೆ ಒಡೀತು. ಮನೆ ಅಂಗಳದಾಗ ದಿನಾ 400 ಲೀಟರ್ ಹೋದ್ರೆ ಯಾರೂ ಕೇಳೋದಿಲ್ಲ. ಈ ಚರ್ಚೆ ನಮ್ಮ ಓಣಿ ಗುಂಪಿಗೂ ಕಳಿಸ್ತೀನಿ.

ತುಂಗಾತೀರ
ಕಳಿಸಿ. ಜೊತೆಗೆ ಇದನ್ನೂ ಸೇರಿಸಿ: ನಳದ ಲೈನಿಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವವರು ಇಂಥ ಸೋರಿಕೆಯಿಂದ ಕೊಳಚೆ ಎಳೆದುಕೊಳ್ಳುತ್ತಾರೆ. ಲೈನಿನಲ್ಲಿ ಒತ್ತಡ ಇದ್ದಾಗ ನೀರು ತೂತಿನಿಂದ ಹೊರಗೆ ಹೋಗುತ್ತದೆ. ನೀರು ನಿಂತಾಗ, ಅದರಲ್ಲೂ ಮೋಟರ್ ಹೀರಿದಾಗ, ಅದೇ ತೂತಿನಿಂದ ಸುತ್ತಲಿನ ಕೆಸರು ಒಳಗೆ ಬರುತ್ತದೆ. ಪಕ್ಕದಲ್ಲಿ ಚರಂಡಿ ಇದ್ದರೆ ಹೇಳುವುದೇ ಬೇಡ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಕದಡಿದ ನೀರು, ವಾಸನೆ ಬಂದರೆ ಅದನ್ನು ಸಂಪಿಗೆ ಬಿಡಬೇಡಿ. ಬಿಟ್ಟಿದ್ದರೆ ಕುದಿಸದೆ ಕುಡಿಯಬೇಡಿ. ಅಂಥ ಮನೆಯಲ್ಲಿ ಮೀಟರಿನಿಂದ ಸಂಪಿನ ತನಕದ ಪೈಪು ಮೊದಲು ಪರೀಕ್ಷೆ ಆಗಬೇಕು.

ಎರೆನೆಲ
ನೀವೆಲ್ಲ ಹೇಳಿದಂತೆ ಮಾಡಿದೆವು, ವಿವರ ಇಲ್ಲಿದೆ. ಮನೆಯೊಳಗಿನ ಕವಲಿನಲ್ಲಿ ಕೊಳವೆಯ ಮಟ್ಟ ಅರ್ಧ ತಾಸು ಅಲ್ಲಾಡಲಿಲ್ಲ. ಹಿತ್ತಲ ಕವಲಿನಲ್ಲಿ ನಾಲ್ಕು ನಿಮಿಷದೊಳಗೆ ಖಾಲಿ. ಬಚ್ಚಲ ಗೋಡೆಯ ಹತ್ತಿರ ಟೀ (ಮೂರು ಬಾಯಿಯ ಜಾಯಿಂಟು) ಇರುವ ಕಡೆ ಒಂದೇ ತಗ್ಗು ತೋಡಿ, ಕತ್ತರಿಸಿ ಎರಡು ಭಾಗ ಮಾಡಿದೆವು. ಟ್ಯಾಂಕಿನ ಕಡೆಯ 20 ಅಡಿ ಸರಿ ಇದೆ, ಒಗೆಯುವ ಕಲ್ಲಿನ ಕಡೆಯ 20 ಅಡಿ ಇಳಿಯುತ್ತದೆ. ಗೇಟಿನ ಬಳಿಯ ಒದ್ದೆಗೂ ಇದಕ್ಕೂ ಹತ್ತಿರ ಹತ್ತಿರ ಐವತ್ತು ಅಡಿ ದೂರ.

ಗರಸು
ಇನ್ನು ಗುಂಟ ಅಗೆಯುವ ಅಗತ್ಯ ಇಲ್ಲ. ಪಿವಿಸಿ ಲೆಂತು ಬರುವುದು 10 ಅಡಿ ಅಥವಾ 20 ಅಡಿ. ಕಲ್ಲು ಹೊಡೆತ, ಬೇರು ಇಲ್ಲದಿದ್ದರೆ ಪೈಪು ನಡುವೆ ಒಡೆಯುವುದು ಅಪರೂಪ, ಬಿಡುವುದು ಜಾಯಿಂಟು, ಬೆಂಡು, ನಳ ಕೂರುವ ಜಾಗ. ತೋಡಿದ ತಗ್ಗಿನಿಂದ 10 ಅಡಿ ಅಳೆದು ಅಲ್ಲೊಂದು, ಕೊನೆಯ ಬೆಂಡಿನ ಬುಡದಲ್ಲೊಂದು. ನನ್ನ ಊಹೆ ಕೊನೆಯ ಬೆಂಡು. ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟು ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ನೆಲದೊಳಗಿನ ಪೈಪು ಅದರ ಜೊತೆ ಏರಿಳಿಯುತ್ತದೆ. ಒಗೆಯುವ ಕಲ್ಲಿನ ಕಟ್ಟೆಯೊಳಗೆ ಸಿಮೆಂಟಿನಲ್ಲಿ ಕೂತ ಪೈಪು ಅಲ್ಲಾಡುವುದಿಲ್ಲ. ಎರಡೂ ಸೇರುವ ಕಡೆಯೇ ಮುರಿಯುತ್ತದೆ.

ಎರೆನೆಲ
ಪಂಪಿನಿಂದ 3 ಕೆ.ಜಿ. ಒತ್ತಿದಾಗ ಗೇಜಿನ ಮುಳ್ಳು ನಿಲ್ಲಲೇ ಇಲ್ಲ. ಕೊನೆಯ ಬೆಂಡಿನ ಪಕ್ಕ ಸರಳಿನಲ್ಲಿ ಸದ್ದು ಸ್ಪಷ್ಟ, ಮೂರಡಿ ಆಚೆ ಏನೂ ಇಲ್ಲ. ಅಲ್ಲಿ ತೋಡಿದಾಗ ಬೆಂಡಿನ ಸುತ್ತ ಒಂದು ಗೇಣು ಮಣ್ಣು ಅಂಬಲಿಯಂತಿತ್ತು, ಅದರಾಚೆ ಸಲಿಕೆಗೂ ಜಗ್ಗದ ಗಟ್ಟಿ ಎರೆ. ಬೆಂಡಿನ ಮೇಲಿನ ಹಲ್ಲಿನ ಸಾಕೆಟ್ಟಿಗೆ ಜಿಐ ನಿಪ್ಪಲ್ ಹಾಕಿದ್ದಾರೆ. ಸಾಕೆಟ್ಟಿನ ಅಂಚಿನಿಂದ ಕೆಳಕ್ಕೆ ಕೂದಲಿನಂಥ ಸೀಳು, ಅದರ ಎರಡೂ ಬದಿ ಹಾಲಿನಂಥ ಬಿಳಿ ಗೆರೆ. ಸುಮ್ಮನೆ ನೋಡಿದರೆ ಕಾಣದು, ನಿಪ್ಪಲ್ ಹಿಡಿದು ಸ್ವಲ್ಪ ಅಲ್ಲಾಡಿಸಿದರೆ ಬಾಯಿ ತೆರೆದು ನೀರು ಚಿಮ್ಮುತ್ತದೆ. ಎಂಸೀಲ್ ಹಚ್ಚಿ ಮುಚ್ಚಬಹುದಾ?

ಪೈಪ್_ರಾಯಚೂರು
ಬೇಡವೇ ಬೇಡ. ಅಲ್ಲಾಡುವ ಸೀಳಿಗೆ ಎಂಸೀಲ್ ನಿಲ್ಲುವುದಿಲ್ಲ. ಸೀಳಿದ್ದಕ್ಕೆ ಕಾರಣವೂ ನೀವು ಹೇಳಿದ್ದರಲ್ಲೇ ಇದೆ. ಪ್ಲಾಸ್ಟಿಕ್ ಹಲ್ಲಿನೊಳಗೆ ಜಿಐ ನಿಪ್ಪಲ್ ಕೂರಿಸಿ ದಾರ ಸುತ್ತಿ ಪಾನಾ ಹಾಕಿ ಬಿಗಿದರೆ ಬೆಣೆ ಹೊಡೆದ ಹಾಗೆ. ಅಂದೇ ಒಡೆಯದಿದ್ದರೂ ಒಳಗೆ ಎಳೆತ ಉಳಿದು ವರ್ಷಗಳ ಮೇಲೆ ಸೀಳುತ್ತದೆ. ಬೆಂಡು ಸಮೇತ ಕತ್ತರಿಸಿ ತೆಗೆಯಿರಿ. ಒಳಗೆ ಹಿತ್ತಾಳೆ ಹಲ್ಲು ಕೂರಿಸಿದ ಬೆಂಡು ತನ್ನಿ. ದಾರ ಬೇಡ, ಟೆಫ್ಲಾನ್ ಟೇಪು ಸುತ್ತಿ, ಕೈಯಲ್ಲಿ ಬಿಗಿದ ಮೇಲೆ ಪಾನಾದಲ್ಲಿ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ.

ಅಂಟಿಸುವಾಗ ಪೈಪಿನೊಳಗೆ ಹನಿ ನೀರೂ ಇರಬಾರದು. ಹಳೆ ಬಟ್ಟೆ ತುರುಕಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ಎರಡೂ ಕಡೆ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಅರ್ಧ ನಿಮಿಷ ಹಿಡಿದಿರಿ. ಡಬ್ಬಿಯಲ್ಲಿ ಸಾಲ್ವೆಂಟ್ ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದರೆ ಎಸೆಯಿರಿ, ಥಿನ್ನರ್ ಬೆರೆಸಬೇಡಿ. ಬೆಳಿಗ್ಗೆ ತಂಪಿನಲ್ಲಿ ಮಾಡಿ, ಮಧ್ಯಾಹ್ನದ ಕಾವಿನಲ್ಲಿ ಒತ್ತುವ ಮೊದಲೇ ಒಣಗುತ್ತದೆ. 24 ತಾಸು ಬಿಟ್ಟು ಪರೀಕ್ಷೆ.

ಕೊಪ್ಪಳ ಕಡೆಯವ
ನಡುವೆ ಕತ್ತರಿಸಿದ ಕಡಿ ಜೋಡಿಸೋದು ಹೆಂಗ್ರಿ? ಪೈಪು ಎರಡೂ ಕಡಿ ಹೂತೈತಿ, ಜಗ್ಗಂಗಿಲ್ಲ.

ಗರಸು
ಅದಕ್ಕೇ ರಿಪೇರಿ ಕಪ್ಲರ್ ಇದೆ, ಒಳಗೆ ತಡೆ ಇರುವುದಿಲ್ಲ. ಪೂರ್ತಿ ಒಂದು ಕಡೆ ಜಾರಿಸಿ, ತುಂಡು ಕೂರಿಸಿ, ವಾಪಸ್ ಎಳೆಯಬಹುದು. ನಾನಾದರೆ ಆ ತಗ್ಗಿನಲ್ಲಿ ಒಂದು ಬಾಲ್ ವಾಲೂ ಕೂರಿಸಿ ಮೇಲೆ ಚೌಕದ ಚೇಂಬರ್ ಕಟ್ಟುತ್ತೇನೆ. ಮುಂದೆ ಎಂದಾದರೂ ಅನುಮಾನ ಬಂದರೆ ಕತ್ತರಿಸದೆ ಎರಡು ಭಾಗ ಮಾಡಬಹುದು.

ಎರೆನೆಲ
ಎರಡೂ ಜಾಯಿಂಟು ಮುಗಿಯಿತು, ಒಂದು ದಿನ ಬಿಟ್ಟು 3 ಕೆ.ಜಿ. ಒತ್ತಿ ಒಂದು ತಾಸು ನೋಡಿದೆವು. ಮುಳ್ಳು ಕದಲಿಲ್ಲ. ಟ್ಯಾಂಕು ರಾತ್ರಿಯಿಡೀ ಇಳಿದಿಲ್ಲ. ತೆಗೆದ ಎರೆಯನ್ನೇ ವಾಪಸ್ ತುಂಬಬಹುದಾ?

ಗರಸು
ಪೈಪಿಗೆ ತಾಗುವಂತೆ ಬೇಡ. ಕೆಳಗೆ ನಾಲ್ಕಿಂಚು ಉಸುಕು, ಪೈಪಿನ ಮೇಲೆ ನಾಲ್ಕರಿಂದ ಆರಿಂಚು ಉಸುಕು, ಆಮೇಲೆ ಗರಸು ಪದರ ಪದರ ದಮ್ಮಸು. ಪೈಪು ಕಟ್ಟೆಯೊಳಗೆ ಹೋಗುವ ಕಡೆ ಒಂದೂವರೆ ಇಂಚಿನ ಪೈಪಿನ ತುಂಡನ್ನು ತೋಳಿನ ಹಾಗೆ ಹಾಕಿ, ಸಿಮೆಂಟು ನೇರ ಪೈಪಿಗೆ ಹಿಡಿಯಬಾರದು.

ಹಾರಿ_ಸಲಿಕೆ
ಉಸುಕು ಹಾಕೋದು ಸರಿ, ಒಂದು ಮಾತು ಸೇರಿಸ್ತೀನಿ. ಗುಂಟ ಬರೇ ಉಸುಕು ಹಾಕಿದ್ರ ಅದ ಕಾಲುವಿ ಆಗ್ತದ. ನಾಳೆ ಸೋರಿದ್ರ ಮತ್ತ ಗೇಟಿಗೆ ಬರ್ತದ, ಮನಿ ಪಾಯಕ್ಕೂ ಹೋಗ್ತದ. ಮುಂದ ಪೂರ್ತಿ ಲೈನು ಬದಲಿ ಮಾಡಿದಾಗ ಹದಿನೈದು ಅಡಿಗೊಮ್ಮೆ, ಪಾಯದ ಹತ್ರ ಖಂಡಿತ, ಎರೆನ ಒಂದಡಿ ಅಗಲ ಬಡದು ತಡಿ ಕಟ್ರಿ.

ಗರಸು
ಒಪ್ಪಿದೆ, ಅದು ನನಗೆ ಬಿಟ್ಟುಹೋಗಿತ್ತು.

ಎರೆನೆಲ
ಕುಸಿದ ಶಹಾಬಾದ್ ಕಲ್ಲು ಈ ವಾರವೇ ಹಾಸಿಬಿಡಲಾ?

ಹಾರಿ_ಸಲಿಕೆ
ತಡೀರಿ. ತಿಂಗಳುಗಟ್ಲೆ ನೀರು ಕುಡಿದ ಎರೆ ಒಣಗಿ ಕುಗ್ಗೋಕೆ ವಾರಗಳು ಬೇಕು. ಈಗ ಹಾಸಿದ್ರ ಮತ್ತ ಕೆಳಗ ಟೊಳ್ಳಾಗ್ತದ. ಬಾಯಿ ತೆರೆದು ಬಿಡ್ರಿ, ಸರಳು ಚುಚ್ಚಿ ಎಳದಾಗ ಮಣ್ಣು ಹತ್ತಲಾರದಂಗ ಆದ ಮ್ಯಾಲೆ ಗರಸು ಬಡದು ಹಾಸ್ರಿ. ಗೋಡಿ ಬುಡ ದಿನಾ ನೋಡ್ರಿ, ಒದ್ದಿ ಗೆರಿ ಹಿಂದ ಸರೀತಾ ಹೋಗಬೇಕು. ಸರೀಲಿಲ್ಲ ಅಂದ್ರ ನೀರು ಬಿಟ್ಟ ದಿನ ಮೀಟರಿನ ಚಕ್ರ ನೋಡೋದು ಬಾಕಿ ಐತಿ.

ಎರೆನೆಲ
ಸರಿ. ಗೋಡೆಯ ಮೇಲೆ ಒದ್ದೆಯ ಅಂಚಿಗೆ ಇದ್ದಿಲಿನಿಂದ ಗೆರೆ ಎಳೆದಿದ್ದೇನೆ, ಕಲ್ಲು ಎರಡನ್ನೂ ತೆಗೆದು ಪಕ್ಕಕ್ಕೆ ಒರಗಿಸಿಟ್ಟಿದ್ದೇನೆ.